ದುಃಖಕ್ಕೆ ಕಾರಣವಿದ್ದರೂ ಮದ್ದು ಬೇಕೇ?

ಮಂಜೇಶ್ವರ ತಾಲೂಕಿನ ಓದುಗರೊಬ್ಬರು ಕಳೆದ ತಿಂಗಳು ಈ ಅಂಕಣಕ್ಕೆ ನಾಲ್ಕು ಪುಟಗಳ ಪತ್ರವೊಂದನ್ನು ಬರೆದಿದ್ದಾರೆ. ಅವರ ಒಪ್ಪಿಗೆ ಪಡೆದು, ಗುರುತು ಸಿಗುವಂತಹ ವಿವರಗಳನ್ನು ಬಿಟ್ಟು, ಅದರ ಸಾರವನ್ನು ಇಲ್ಲಿ ಕೊಡುತ್ತಿದ್ದೇನೆ.

ಅವರಿಗೆ ಹತ್ತು ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ. ನಾಲ್ಕು ವರ್ಷಗಳಿಂದ ರುಮಟಾಯ್ಡ್ ಸಂಧಿವಾತವೂ ಜೊತೆಗೂಡಿದೆ. ಮದುವೆಯಾಗಿ ಬಂದಂದಿನಿಂದ ಬೀಡಿ ಕಟ್ಟಿ ಮನೆಯ ಖರ್ಚಿಗೆ ಹೆಗಲು ಕೊಟ್ಟವರು ಅವರು. ಈಗ ಬೆರಳಿನ ಗಂಟುಗಳು ಬಾತುಕೊಂಡು, ಎಲೆ ಕತ್ತರಿಸುವ ಕತ್ತರಿಯನ್ನು ಹಿಡಿಯುವುದೂ ಕಷ್ಟವಾಗಿದೆ. ಮಗಳು ಇಲ್ಲಿಯ ಕನ್ನಡ ಮಾಧ್ಯಮ ಶಾಲೆಯಲ್ಲಿ ಒಂಬತ್ತನೆಯ ತರಗತಿಯಲ್ಲಿದ್ದಾಳೆ. ಕಳೆದ ಬಾರಿ ಆಸ್ಪತ್ರೆಗೆ ಹೋದಾಗ ವೈದ್ಯರು ಎಂದಿನ ಮದ್ದುಗಳ ಕೆಳಗೆ ಎಸಿಟಲೋಪ್ರಾಮ್ ಎಂಬ ಹೊಸ ಗುಳಿಗೆಯೊಂದನ್ನು ಬರೆದರು. ಅದು ಯಾಕೆಂದು ಅವರು ಕೇಳಲಿಲ್ಲ, ವೈದ್ಯರೂ ವಿವರಿಸಲಿಲ್ಲ. ಮದ್ದಿನ ಅಂಗಡಿಯವರು ಮಾತ್ರ ‘ಇದು ಮನಸ್ಸಿಗೆ’ ಎಂದು ಮೆಲುದನಿಯಲ್ಲಿ ಹೇಳಿದರಂತೆ. ಆ ಗುಳಿಗೆಯ ಹಾಳೆ ಮೂರು ವಾರಗಳಿಂದ ಒಡೆಯದೆ ಅಡುಗೆಮನೆಯ ಕಪಾಟಿನಲ್ಲಿದೆ. ‘ಡಾಕ್ಟರು ಬರೆದದ್ದಲ್ಲವೇ, ತೆಗೆದುಕೋ’ ಎನ್ನುವುದು ಗಂಡನ ಮಾತು. ‘ಒಮ್ಮೆ ಹಿಡಿದರೆ ಜೀವಮಾನವಿಡೀ ಬಿಡಲಿಕ್ಕಾಗದು’ ಎನ್ನುವುದು ಅತ್ತೆಯವರ ಎಚ್ಚರಿಕೆ. ಅವರ ಸ್ವಂತ ಪ್ರಶ್ನೆ ಬೇರೆಯೇ: ‘ನನಗಿರುವ ಬೇಸರಕ್ಕೆ ಕಾರಣವಿದೆ. ಕೈ ಸೋತಿದೆ, ಸಂಪಾದನೆ ನಿಂತಿದೆ, ನೋವು ಬಿಡುವುದಿಲ್ಲ. ಈ ಸ್ಥಿತಿಯಲ್ಲಿ ಯಾರು ತಾನೇ ನಗುತ್ತಾರೆ? ಇದಕ್ಕೂ ಗುಳಿಗೆ ನುಂಗಬೇಕೇ?’

ದೀರ್ಘಕಾಲದ ಕಾಯಿಲೆಯೊಡನೆ ಬದುಕುವ ಹಲವರ ಮನಸ್ಸಿನಲ್ಲಿರುವ ಪ್ರಶ್ನೆ ಇದು. ಆದುದರಿಂದ ಖಾಸಗಿಯಾಗಿ ಉತ್ತರಿಸುವ ಬದಲು ಇಲ್ಲಿಯೇ ಉತ್ತರಿಸುವುದು ಲೇಸೆಂದು ತೋರಿತು.

ಮೊದಲು ಅವರ ಪ್ರಶ್ನೆಯೊಳಗಿರುವ ತರ್ಕವನ್ನು ನೋಡೋಣ. ದುಃಖಕ್ಕೆ ತಕ್ಕ ಕಾರಣವಿದ್ದರೆ ಅದು ಸಹಜ, ಸಹಜವಾದುದಕ್ಕೆ ಚಿಕಿತ್ಸೆ ಬೇಡ ಎಂಬುದು ಆ ತರ್ಕ. ಇದರ ಮೊದಲ ಭಾಗ ಸರಿ. ಎರಡನೆಯ ಭಾಗವನ್ನು ಒಪ್ಪುವುದು ಕಷ್ಟ. ಅಡಕೆ ಮರದಿಂದ ಬಿದ್ದವನ ಕಾಲು ಮುರಿದರೆ ಅದಕ್ಕೆ ಸ್ಪಷ್ಟವಾದ ಕಾರಣವಿರುತ್ತದೆ. ಬಿದ್ದ ಮೇಲೆ ಮುರಿಯುವುದು ಸಹಜವೇ ಎಂದು ಯಾರೂ ಎಲುಬು ಕೂಡಿಸದೆ ಬಿಡುವುದಿಲ್ಲ. ಕಾರಣ ಯಾವುದೆಂಬುದು ಒಂದು ಪ್ರಶ್ನೆ. ಆಗಿರುವ ಹಾನಿ ಎಷ್ಟು, ಅದು ತಾನಾಗಿ ಮಾಯುವುದೇ ಎಂಬುದು ಇನ್ನೊಂದು. ಸಕ್ಕರೆ ಕಾಯಿಲೆ ಇದ್ದವರಲ್ಲಿ ಖಿನ್ನತೆ ಇತರರಿಗಿಂತ ಸುಮಾರು ಎರಡು ಪಟ್ಟು ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. ಅದು ಸಾಮಾನ್ಯವೆಂಬ ಕಾರಣಕ್ಕೆ ನಿರುಪದ್ರವಿಯೆಂದು ಭಾವಿಸಬಾರದು. ಖಿನ್ನತೆಗೊಳಗಾದವರು ಮದ್ದಿನ ಹೊತ್ತು ತಪ್ಪಿಸುತ್ತಾರೆ, ನಡೆಯುವುದನ್ನು ನಿಲ್ಲಿಸುತ್ತಾರೆ, ಊಟದ ಪಥ್ಯ ಬಿಡುತ್ತಾರೆ. ಸಕ್ಕರೆ ಏರುತ್ತದೆ. ಏರಿದ ಸಕ್ಕರೆ ಮನಸ್ಸನ್ನು ಇನ್ನಷ್ಟು ಕುಗ್ಗಿಸುತ್ತದೆ. ನೋವಿನ ವಿಷಯವೂ ಹೀಗೆಯೇ. ಕುಗ್ಗಿದ ಮನಸ್ಸಿಗೆ ಅದೇ ನೋವು ಹೆಚ್ಚು ಭಾರವಾಗಿ ತಾಗುತ್ತದೆ.

ಈ ಗುಳಿಗೆಗಳ ಹುಟ್ಟಿನಲ್ಲಿಯೂ ದೀರ್ಘ ಕಾಯಿಲೆಯೊಂದರ ಕಥೆಯಿದೆ. 1952ರಲ್ಲಿ ನ್ಯೂಯಾರ್ಕಿನ ಸ್ಟೇಟನ್ ಐಲ್ಯಾಂಡ್‌ನ ಸೀ ವ್ಯೂ ಆಸ್ಪತ್ರೆಯಲ್ಲಿ ಕ್ಷಯರೋಗಿಗಳಿಗೆ ಇಪ್ರೋನಿಯಾಜಿಡ್ ಎಂಬ ಹೊಸ ಔಷಧ ಕೊಟ್ಟು ಪರೀಕ್ಷಿಸಲಾಗುತ್ತಿತ್ತು. ಬಹುಕಾಲದಿಂದ ಹಾಸಿಗೆ ಹಿಡಿದಿದ್ದ ರೋಗಿಗಳಲ್ಲಿ ಹಸಿವೆ ಮರಳಿತು, ಮಾತು ಮರಳಿತು, ವಾರ್ಡಿನಲ್ಲಿ ನಗು ಕೇಳಿಸತೊಡಗಿತು. ಈ ಉಲ್ಲಾಸ ಕೇವಲ ಶ್ವಾಸಕೋಶದ ಚೇತರಿಕೆಯಿಂದ ಬಂದುದಲ್ಲವೆಂದು ವೈದ್ಯರಿಗೆ ಅನಿಸಿತು. 1957ರ ಹೊತ್ತಿಗೆ ಅದೇ ಔಷಧವನ್ನು ಖಿನ್ನತೆಗೆ ಬಳಸಿ ನೋಡಿದರು. ಯಕೃತ್ತಿಗೆ ಹಾನಿಯಾಗುವುದು ತಿಳಿದ ಮೇಲೆ ಅದನ್ನು ಬಿಟ್ಟರೂ ದಾರಿ ತೆರೆದಿತ್ತು. ಇಂದು ಹೆಚ್ಚಾಗಿ ಬರೆಯುವ ಸರ್ಟ್ರಾಲಿನ್, ಎಸಿಟಲೋಪ್ರಾಮ್‌ಗಳ ಬಳಗದ ಫ್ಲೂಯೊಕ್ಸೆಟಿನ್‌ಗೆ ಅಮೆರಿಕದಲ್ಲಿ ಅನುಮತಿ ದೊರೆತದ್ದು 1987ರಲ್ಲಿ. ನಗಲು ಯಾವ ಕಾರಣವೂ ಇಲ್ಲದಂತಿದ್ದ ರೋಗಿಗಳ ನಡುವೆಯೇ ಈ ಚಿಕಿತ್ಸೆ ಮೊದಲು ಕಣ್ಣಿಗೆ ಬಿದ್ದಿತೆಂಬುದನ್ನು ನಮ್ಮ ಓದುಗರು ಗಮನಿಸಬೇಕು.

ಹಾಗಾದರೆ ಬೇಸರ ಬಂದವರೆಲ್ಲರೂ ಗುಳಿಗೆ ತೆಗೆದುಕೊಳ್ಳಬೇಕೇ? ಬೇಡ. ದುಃಖವೂ ಖಿನ್ನತೆಯೂ ಒಂದೇ ಅಲ್ಲ. ದುಃಖ ಅಲೆಯಂತೆ ಬಂದು ಹೋಗುತ್ತದೆ. ನಡುನಡುವೆ ಮೊಮ್ಮಗುವಿನ ಆಟಕ್ಕೆ ನಗು ಬರುತ್ತದೆ, ಊರ ಯಕ್ಷಗಾನದ ಚೆಂಡೆಯ ಸದ್ದಿಗೆ ಕಿವಿ ನಿಮಿರುತ್ತದೆ. ಖಿನ್ನತೆಯಲ್ಲಿ ಆ ಬಿಡುವು ಸಿಗುವುದಿಲ್ಲ. ಎರಡು ವಾರಗಳಿಗೂ ಮೀರಿ, ದಿನದ ಹೆಚ್ಚಿನ ಹೊತ್ತು, ಹೆಚ್ಚುಕಡಿಮೆ ಪ್ರತಿದಿನವೂ ಮನಸ್ಸು ಕುಗ್ಗಿಯೇ ಇದ್ದರೆ ಅಥವಾ ಮೊದಲು ಇಷ್ಟವಾಗುತ್ತಿದ್ದ ಯಾವುದರಲ್ಲಿಯೂ ಆಸಕ್ತಿ ಉಳಿಯದಿದ್ದರೆ ವೈದ್ಯರು ಖಿನ್ನತೆಯ ಸಂದೇಹ ಪಡುತ್ತಾರೆ. ಇದನ್ನು ಅಳೆಯಲು ಒಂಬತ್ತು ಪ್ರಶ್ನೆಗಳ ಪಟ್ಟಿಯೊಂದು ಲೋಕದೆಲ್ಲೆಡೆ ಬಳಕೆಯಲ್ಲಿದೆ. ಒಟ್ಟು ಅಂಕ 27. ಹತ್ತು ಅಥವಾ ಅದಕ್ಕಿಂತ ಹೆಚ್ಚು ಅಂಕ ಬಂದರೆ ವಿವರವಾದ ಪರೀಕ್ಷೆ ಆಗಬೇಕು.

ದೀರ್ಘ ಕಾಯಿಲೆಯವರಲ್ಲಿ ಈ ಅಳತೆಗೆ ಒಂದು ತೊಡಕಿದೆ. ಸುಸ್ತು, ನಿದ್ದೆಗೇಡು, ಹಸಿವೆ ಇಲ್ಲದಿರುವುದು, ಚಲನೆ ನಿಧಾನವಾಗುವುದು ಇವು ಖಿನ್ನತೆಯ ಲಕ್ಷಣಗಳೂ ಹೌದು, ಸಂಧಿವಾತದ, ಸಕ್ಕರೆಯ, ಮೂತ್ರಪಿಂಡದ ಕಾಯಿಲೆಯ ಲಕ್ಷಣಗಳೂ ಹೌದು. ಆದುದರಿಂದ ಇಂತಹವರಲ್ಲಿ ಮನಸ್ಸಿಗೇ ಸೇರಿದ ಲಕ್ಷಣಗಳಿಗೆ ಹೆಚ್ಚಿನ ತೂಕ ಕೊಡಬೇಕು. ‘ನಾನು ಈ ಮನೆಗೆ ಹೊರೆ’, ‘ನನ್ನಿಂದ ಯಾರಿಗೂ ಪ್ರಯೋಜನವಿಲ್ಲ’, ‘ಇನ್ನು ಏನೂ ಸರಿಹೋಗುವುದಿಲ್ಲ’ ಎಂಬ ಯೋಚನೆಗಳು ಪದೇ ಪದೇ ಬರುತ್ತವೆಯೇ? ನೋವು ಕಡಿಮೆ ಇರುವ ದಿನವೂ ಮನಸ್ಸು ಹಗುರಾಗುವುದಿಲ್ಲವೇ? ನಮ್ಮ ಪತ್ರಲೇಖಕಿ ನಾಲ್ಕು ಪುಟಗಳಲ್ಲಿ ಗಂಟುನೋವಿನ ಬಗ್ಗೆ ಬರೆದುದಕ್ಕಿಂತ ಹೆಚ್ಚಾಗಿ ‘ಹೊರೆ’ ಎಂಬ ಮಾತನ್ನು ಬರೆದಿದ್ದಾರೆ. ಮಗಳ ಶಾಲೆಯ ವಾರ್ಷಿಕೋತ್ಸವಕ್ಕೆ, ಕೈಯಲ್ಲಿ ನೋವಿಲ್ಲದ ದಿನವಾಗಿದ್ದರೂ, ಹೋಗಲು ಮನಸ್ಸಾಗಲಿಲ್ಲವೆಂದೂ ಬರೆದಿದ್ದಾರೆ. ಅವರ ವೈದ್ಯರ ಗಮನಕ್ಕೂ ಇಂತಹದೇ ಏನಾದರೂ ಬಂದಿರಬಹುದು.

ಗುಳಿಗೆಯ ತೀರ್ಮಾನಕ್ಕೆ ಮೊದಲು ಕೆಲವು ರಕ್ತಪರೀಕ್ಷೆಗಳು ಆಗಿರಬೇಕು. ಥೈರಾಯ್ಡ್ ಗ್ರಂಥಿ ನಿಧಾನವಾದರೆ ಖಿನ್ನತೆಯಂತೆಯೇ ಕಾಣುತ್ತದೆ. ರಕ್ತಹೀನತೆಯೂ ಹಾಗೆಯೇ. ಸಕ್ಕರೆಗೆ ಮೆಟ್‌ಫಾರ್ಮಿನ್ ಗುಳಿಗೆಯನ್ನು ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಬಿ-12 ಜೀವಸತ್ವ ಕಡಿಮೆಯಾಗುವುದುಂಟು. ಅದರಿಂದ ಸುಸ್ತು, ಮರೆವು, ಮನಸ್ಸಿನ ಕುಗ್ಗು ಎಲ್ಲವೂ ಬರಬಹುದು. ಸಂಧಿವಾತಕ್ಕೆ ಕೊಡುವ ಪ್ರೆಡ್ನಿಸೊಲೋನ್‌ನಂತಹ ಸ್ಟೀರಾಯ್ಡ್‌ಗಳು ಮನಸ್ಸನ್ನು ಏರಿಸಲೂಬಹುದು, ಇಳಿಸಲೂಬಹುದು. ನೋವಿಗೆ ಸರಿಯಾದ ಚಿಕಿತ್ಸೆ ಸಿಗದೆ ರಾತ್ರಿ ನಿದ್ದೆ ಕೆಟ್ಟಿದ್ದರೆ ಮೊದಲು ಸರಿಪಡಿಸಬೇಕಾದುದು ನೋವನ್ನೇ. ಇವುಗಳನ್ನು ನೋಡದೆ ನೇರವಾಗಿ ಮನಸ್ಸಿನ ಗುಳಿಗೆಗೆ ಹೋಗುವುದು, ಸೋರುವ ಹೆಂಚನ್ನು ಬಿಟ್ಟು ನೆಲ ಒರೆಸಿದಂತಾಗುತ್ತದೆ.

ಪರೀಕ್ಷೆಗಳಾದ ಮೇಲೂ ಖಿನ್ನತೆಯೆಂದೇ ತೀರ್ಮಾನವಾದರೆ ಮುಂದಿನ ದಾರಿ ಅದರ ತೀವ್ರತೆಯನ್ನು ಅವಲಂಬಿಸಿದೆ. ಸೌಮ್ಯ ಖಿನ್ನತೆಯಲ್ಲಿ ಗುಳಿಗೆಯ ಪ್ರಯೋಜನ ಅಷ್ಟಾಗಿ ಕಾಣುವುದಿಲ್ಲ. ಅಲ್ಲಿ ಆಪ್ತಸಮಾಲೋಚನೆ, ದಿನಚರಿಯಲ್ಲಿ ನಿಶ್ಚಿತ ಸಣ್ಣ ಕೆಲಸಗಳು, ಗಂಟುಗಳಿಗೆ ಒಗ್ಗುವಷ್ಟು ನಡಿಗೆ, ಜನರ ಸಂಪರ್ಕ ಇವೇ ಮೊದಲ ಚಿಕಿತ್ಸೆ. ಬ್ರಿಟನ್ನಿನ ರಾಷ್ಟ್ರೀಯ ಮಾರ್ಗಸೂಚಿಯೂ ಈ ಹಂತದಲ್ಲಿ, ರೋಗಿಯೇ ಬಯಸದ ಹೊರತು, ಗುಳಿಗೆಯನ್ನು ಮೊದಲ ಆಯ್ಕೆಯಾಗಿ ಕೊಡಬಾರದೆನ್ನುತ್ತದೆ. ಮಧ್ಯಮ ಖಿನ್ನತೆಯಲ್ಲಿ ಗುಳಿಗೆ, ಸಮಾಲೋಚನೆ ಅಥವಾ ಎರಡೂ ಸೇರಿ ಕೆಲಸ ಮಾಡುತ್ತವೆ. ಯಾವುದು ಎಂಬುದರಲ್ಲಿ ರೋಗಿಯ ಇಚ್ಛೆಗೆ ನಿಜವಾದ ಬೆಲೆಯಿದೆ. ತೀವ್ರ ಖಿನ್ನತೆಯಲ್ಲಿ ಗುಳಿಗೆಯನ್ನು ಮುಂದೂಡುವುದು ಅಪಾಯಕರ.

ಎಲ್ಲ ಕಾಯಿಲೆಗಳಲ್ಲಿಯೂ ಗುಳಿಗೆಯ ಫಲ ಒಂದೇ ಸಮನಾಗಿಲ್ಲ ಎಂಬುದನ್ನೂ ಪ್ರಾಮಾಣಿಕವಾಗಿ ಹೇಳಬೇಕು. ಡಯಾಲಿಸಿಸ್ ಹಂತಕ್ಕೆ ಬಾರದ ಮೂತ್ರಪಿಂಡ ಕಾಯಿಲೆಯ 201 ರೋಗಿಗಳ ಮೇಲೆ ಅಮೆರಿಕದಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹನ್ನೆರಡು ವಾರಗಳ ಸರ್ಟ್ರಾಲಿನ್ ಚಿಕಿತ್ಸೆಯು ಔಷಧವಿಲ್ಲದ ಹುಸಿಗುಳಿಗೆಗಿಂತ ಮೇಲೆನಿಸಲಿಲ್ಲ. ಓಕರಿಕೆ, ಭೇದಿ ಮಾತ್ರ ಹೆಚ್ಚಾದವು. ಇನ್ನೊಂದೆಡೆ, ನಮ್ಮ ದೇಶದಲ್ಲಿಯೇ ದಿಲ್ಲಿ, ಚೆನ್ನೈ, ವಿಶಾಖಪಟ್ಟಣ, ಬೆಂಗಳೂರುಗಳ ನಾಲ್ಕು ಚಿಕಿತ್ಸಾಲಯಗಳಲ್ಲಿ, ಸಕ್ಕರೆ ಕಾಯಿಲೆ ಮತ್ತು ಖಿನ್ನತೆ ಎರಡೂ ಇದ್ದ 404 ಮಂದಿಯ ಮೇಲೆ ಎರಡು ವರ್ಷಗಳ ಅಧ್ಯಯನ ನಡೆಯಿತು. 2020ರಲ್ಲಿ ಪ್ರಕಟವಾದ ಅದರ ಫಲಿತಾಂಶ ಉತ್ತೇಜನಕರವಾಗಿದೆ. ಒಂದು ಗುಂಪಿಗೆ ಎಂದಿನ ಚಿಕಿತ್ಸೆ ಮುಂದುವರಿಯಿತು. ಇನ್ನೊಂದು ಗುಂಪಿನ ರೋಗಿಗಳನ್ನು ತರಬೇತಿ ಪಡೆದ ಆರೈಕೆ ಸಂಯೋಜಕರು ನಿಯಮಿತವಾಗಿ ಮಾತನಾಡಿಸಿ, ಮನಸ್ಸನ್ನೂ ಸಕ್ಕರೆಯನ್ನೂ ಒಟ್ಟಿಗೆ ಗಮನಿಸಿ, ಬೇಕಾದಾಗ ತಜ್ಞರ ಸಲಹೆಯಂತೆ ಚಿಕಿತ್ಸೆ ಬದಲಾಯಿಸಿದರು. ಈ ಎರಡನೆಯ ಗುಂಪಿನಲ್ಲಿ ಖಿನ್ನತೆಯೂ ಹೆಚ್ಚು ಇಳಿಯಿತು, ದೇಹದ ಕಾಯಿಲೆಯ ಹತೋಟಿಯೂ ಉತ್ತಮವಾಯಿತು. ಬರೆದುಕೊಟ್ಟು ಕಳುಹಿಸಿದ ಚೀಟಿಗಿಂತ ಮತ್ತೆ ಕರೆದು ವಿಚಾರಿಸುವ ಚಿಕಿತ್ಸೆ ಮೇಲು ಎಂದು ಇದರಿಂದ ತಿಳಿಯುತ್ತದೆ.

ಈಗಾಗಲೇ ನಾಲ್ಕಾರು ಮದ್ದು ನುಂಗುತ್ತಿರುವವರು ಐದನೆಯದನ್ನು ಸೇರಿಸುವಾಗ ಪರಸ್ಪರ ಹೊಂದಾಣಿಕೆಯನ್ನು ವಿಚಾರಿಸಲೇಬೇಕು. ಪತ್ರಲೇಖಕಿಯ ಮಟ್ಟಿಗೆ ಮುಖ್ಯವಾದುದು ಡೈಕ್ಲೋಫೆನಾಕ್‌ನಂತಹ ನೋವಿನ ಗುಳಿಗೆಗಳು. ಇವುಗಳ ಜೊತೆಗೆ ಎಸಿಟಲೋಪ್ರಾಮ್ ಬಳಗದ ಗುಳಿಗೆ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಸಾಧ್ಯತೆ ಹೆಚ್ಚುತ್ತದೆ. ನೋವಿನ ಗುಳಿಗೆಯನ್ನು ಕಡಿಮೆ ಮಾಡಬಹುದೇ, ಹೊಟ್ಟೆಯ ರಕ್ಷಣೆಗೆ ಮದ್ದು ಬೇಕೇ ಎಂದು ಅವರು ಕೇಳಬೇಕು. ಆಸ್ಪಿರಿನ್, ವಾರ್ಫರಿನ್ ತೆಗೆದುಕೊಳ್ಳುವ ಹೃದ್ರೋಗಿಗಳಿಗೂ ಇದೇ ಎಚ್ಚರಿಕೆ. ಟ್ರಾಮಡಾಲ್ ಎಂಬ ನೋವಿನ ಮದ್ದಿನೊಂದಿಗೆ ಈ ಗುಳಿಗೆಗಳು ಸೇರಿದರೆ ಬೆವರು, ನಡುಕ, ಗೊಂದಲದ ಅಪಾಯಕರ ಸ್ಥಿತಿ ಉಂಟಾಗಬಹುದು. ರಕ್ತದೊತ್ತಡಕ್ಕಾಗಿ ಮೂತ್ರ ಹೆಚ್ಚಿಸುವ ಗುಳಿಗೆ ತೆಗೆದುಕೊಳ್ಳುವ ವೃದ್ಧರಲ್ಲಿ ರಕ್ತದ ಸೋಡಿಯಂ ಇಳಿಯಬಹುದು. ಆರಂಭದ ವಾರಗಳಲ್ಲಿ ಅದನ್ನು ಪರೀಕ್ಷಿಸಬೇಕು. ಸ್ತನ ಕ್ಯಾನ್ಸರಿಗೆ ಟಾಮಾಕ್ಸಿಫೆನ್ ತೆಗೆದುಕೊಳ್ಳುವವರಿಗೆ ಫ್ಲೂಯೊಕ್ಸೆಟಿನ್, ಪಾರೊಕ್ಸೆಟಿನ್ ಒಗ್ಗುವುದಿಲ್ಲ, ಅವು ಟಾಮಾಕ್ಸಿಫೆನ್‌ನ ಪರಿಣಾಮವನ್ನು ಕುಗ್ಗಿಸುತ್ತವೆ. ಹಳೆಯ ಬಳಗದ ಅಮಿಟ್ರಿಪ್ಟಿಲಿನ್ ನರನೋವಿಗೂ ನಿದ್ದೆಗೂ ಸಹಾಯಕ. ಆದರೆ ಹೃದಯದ ತೊಂದರೆ, ಗ್ಲಾಕೋಮಾ, ಪ್ರಾಸ್ಟೇಟ್ ಗ್ರಂಥಿಯ ಊತ ಇರುವವರಿಗೆ ತಕ್ಕುದಲ್ಲ. ಸಕ್ಕರೆ ಕಾಯಿಲೆಯಿಂದ ಕಾಲುರಿ ಇರುವವರಿಗೆ ಡುಲಾಕ್ಸೆಟಿನ್ ಒಂದೇ ಕಲ್ಲಿಗೆ ಎರಡು ಹಕ್ಕಿಯಂತೆ ಉಪಯೋಗವಾಗುವುದುಂಟು. ಮಿರ್ಟಜಪಿನ್ ಹಸಿವೆಯನ್ನು ಹೆಚ್ಚಿಸುತ್ತದೆ. ಸೊರಗಿದವರಿಗೆ ಅದು ವರ, ತೂಕ ಇಳಿಸಬೇಕಾದ ಸಕ್ಕರೆ ರೋಗಿಗೆ ತೊಡಕು. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ಅದನ್ನು ಮೊದಲೇ ತಿಳಿಸಬೇಕು. ಹಿಂದೆಂದಾದರೂ ನಿದ್ದೆಯೇ ಬೇಡವೆನಿಸುವಷ್ಟು ಅತಿಯಾದ ಉತ್ಸಾಹ, ಅತಿಯಾದ ಮಾತು, ಅತಿಯಾದ ಖರ್ಚಿನ ದಿನಗಳು ಬಂದುಹೋಗಿದ್ದರೆ ಅದನ್ನು ಮುಚ್ಚಿಡಬಾರದು. ಅಂತಹವರಿಗೆ ಚಿಕಿತ್ಸೆಯ ಕ್ರಮವೇ ಬೇರೆ.

ಇನ್ನು ಅತ್ತೆಯವರ ಭಯಕ್ಕೆ ಬರೋಣ. ಈ ಗುಳಿಗೆಗಳು ಮದ್ಯದಂತೆ ಚಟ ಹಿಡಿಸುವುದಿಲ್ಲ. ಇನ್ನಷ್ಟು ಬೇಕೆಂಬ ಹಂಬಲ ಹುಟ್ಟುವುದಿಲ್ಲ. ಆದರೆ ಒಮ್ಮೆಲೇ ನಿಲ್ಲಿಸಿದರೆ ತಲೆಸುತ್ತು, ಕಿರಿಕಿರಿ, ನಿದ್ದೆಗೇಡು, ತಲೆಯೊಳಗೆ ವಿದ್ಯುತ್ ತಾಗಿದಂತಹ ಅನುಭವ ಆಗಬಹುದು. ಆದುದರಿಂದ ವೈದ್ಯರ ಸೂಚನೆಯಂತೆ ಮೆಲ್ಲಮೆಲ್ಲನೆ ಪ್ರಮಾಣ ಇಳಿಸಬೇಕು. ಅತ್ತೆಯವರ ಮಾತಿನಲ್ಲಿರುವ ಸತ್ಯ ಇಷ್ಟೇ. ಸಾಮಾನ್ಯವಾಗಿ, ಗುಣವಾದ ಮೇಲೆ ಆರು ತಿಂಗಳಾದರೂ ಮುಂದುವರಿಸಿ ಅನಂತರ ನಿಲ್ಲಿಸುವುದು ಕ್ರಮ. ಖಿನ್ನತೆ ಮರುಕಳಿಸುವವರಿಗೆ ಹೆಚ್ಚು ಕಾಲ ಬೇಕಾಗಬಹುದು.

ಗುಳಿಗೆ ಆರಂಭಿಸಿದ ಮೊದಲ ಒಂದೆರಡು ವಾರ ಕಷ್ಟದ್ದು. ಓಕರಿಕೆ, ತಲೆನೋವು, ಸಡಿಲ ಭೇದಿ, ಸ್ವಲ್ಪ ತಳಮಳ ಕಾಣಿಸಬಹುದು. ಪ್ರಯೋಜನ ಮಾತ್ರ ಇನ್ನೂ ಕಾಣುವುದಿಲ್ಲ. ಎರಡರಿಂದ ನಾಲ್ಕು ವಾರಗಳಲ್ಲಿ ಸುಧಾರಣೆ ಆರಂಭವಾಗುತ್ತದೆ. ಫಲವಿದೆಯೋ ಇಲ್ಲವೋ ಎಂದು ಹೇಳಲು ಆರರಿಂದ ಎಂಟು ವಾರ ಬೇಕು. ಈ ಲೆಕ್ಕ ಗೊತ್ತಿಲ್ಲದೆ ಐದನೆಯ ದಿನವೇ ‘ಇದು ನನಗೆ ಹಿಡಿಸುವುದಿಲ್ಲ’ ಎಂದು ಬಿಟ್ಟವರು ಎಷ್ಟೋ ಮಂದಿ. ಕೆಲವರಿಗೆ ದಾಂಪತ್ಯದ ಆಸಕ್ತಿ ಕುಂದುತ್ತದೆ, ಕೆಲವರಿಗೆ ದುಃಖದೊಡನೆ ಸಂತೋಷವೂ ಮೊಂಡಾದಂತೆ ಅನಿಸುತ್ತದೆ. ಹಾಗಾದರೆ ಸಂಕೋಚವಿಲ್ಲದೆ ವೈದ್ಯರಿಗೆ ಹೇಳಬೇಕು. ಪ್ರಮಾಣವನ್ನೋ ಮದ್ದನ್ನೋ ಬದಲಾಯಿಸಲು ಸಾಧ್ಯವಿದೆ. ಇಪ್ಪತ್ತೈದರ ಒಳಗಿನ ಪ್ರಾಯದವರಲ್ಲಿ ಆರಂಭದ ವಾರಗಳಲ್ಲಿ ಆತ್ಮಹತ್ಯೆಯ ಯೋಚನೆ ಹೆಚ್ಚುವ ಸಾಧ್ಯತೆಯಿರುವುದರಿಂದ ಮನೆಯವರು ಹತ್ತಿರದಲ್ಲಿದ್ದು ಗಮನಿಸಬೇಕು.

ಇದುವರೆಗೆ ಹೇಳಿದುದೆಲ್ಲ ಯಾವ ಊರಿನವರಿಗೂ ಅನ್ವಯಿಸುವಂತಹುದು. ಗಡಿನಾಡಿನ ಕನ್ನಡಿಗರಾದ ನಮಗೆ ಮಾತ್ರ ಇನ್ನೊಂದು ತೊಡಕಿದೆ. ಗಂಟುನೋವನ್ನು ಬೆರಳು ತೋರಿಸಿ ಹೇಳಬಹುದು. ಸಕ್ಕರೆಯನ್ನು ಯಂತ್ರವೇ ಹೇಳುತ್ತದೆ. ಮನಸ್ಸನ್ನು ಮಾತಿನಲ್ಲಿಯೇ ಹೇಳಬೇಕು. ಕಾಸರಗೋಡು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದ ಬಳಿಕ ಕಚೇರಿಯ ಕನ್ನಡದ ಬಗ್ಗೆ ನಾವು ಬೇಕಾದಷ್ಟು ಮಾತನಾಡಿದ್ದೇವೆ, ಆಸ್ಪತ್ರೆಯ ಕನ್ನಡದ ಬಗ್ಗೆ ಅಷ್ಟಾಗಿ ಆಡಿಲ್ಲ. ನಮ್ಮ ಹೆಂಗಸರು ಖಿನ್ನತೆ ಎಂಬ ಪದವನ್ನು ಬಳಸುವುದಿಲ್ಲ. ‘ಬೇಜಾರು’, ‘ಮಂಡೆಬಿಸಿ’, ‘ಉದಾಸೀನ’, ‘ಸಂಕಟ’ ಎನ್ನುತ್ತಾರೆ. ನಮ್ಮ ‘ಉದಾಸೀನ’ ಕೇಳುವವರಿಗೆ ಬರಿಯ ಸೋಮಾರಿತನವಾಗಿ ತೋರಬಹುದು. ಹೊಟ್ಟೆಯಲ್ಲಿ ‘ಸಂಕಟ’ ಎಂದು ನಾವು ಹೇಳಿದರೆ ಮಲಯಾಳ ಬಲ್ಲವರಿಗೆ ಅದು ಮನಸ್ಸಿನ ದುಃಖ. ಮನಸ್ಸಿನ ದುಃಖಕ್ಕೆ ಅವರು ‘ವಿಷಮ’ ಎಂದರೆ ನಮಗದು ಪರಿಸ್ಥಿತಿ ಬಿಗಡಾಯಿಸಿದ ಸುದ್ದಿ. ಎರಡೂ ಕಡೆ ಸದುದ್ದೇಶವಿದ್ದರೂ ನಡುವೆ ಅರ್ಥ ಜಾರಿಹೋಗುತ್ತದೆ.

ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ ಸಾಲು ಇದಕ್ಕೆ ಸಂಬಂಧಿಸಿದ್ದು. ವೈದ್ಯರ ಎದುರು ಅಮ್ಮನ ಮಾತನ್ನು ಮಲಯಾಳಕ್ಕೆ ತಿರುಗಿಸಿ ಹೇಳಿದವಳು ಒಂಬತ್ತನೆಯ ತರಗತಿಯ ಮಗಳು. ‘ಅವಳ ಎದುರಿಗೆ ಎಲ್ಲವನ್ನೂ ಹೇಗೆ ಹೇಳಲಿ? ನಿದ್ದೆ ಬರುವುದಿಲ್ಲ ಎಂದಷ್ಟೇ ಹೇಳಿದೆ’ ಎಂದು ತಾಯಿ ಬರೆದಿದ್ದಾರೆ. ಎರಡು ಭಾಷೆ ಬಲ್ಲ ನಮ್ಮ ಮಕ್ಕಳು ಮನೆಗೆ ಆಸ್ತಿ. ಬ್ಯಾಂಕಿನ ಚೀಟಿ ತುಂಬಲು, ಪಂಚಾಯತು ಕಚೇರಿಯಲ್ಲಿ ಅರ್ಜಿ ಓದಲು ಅವರು ಸಹಾಯ ಮಾಡಲಿ. ತಾಯಿಯ ‘ಬದುಕು ಸಾಕು’ ಎಂಬ ಮಾತನ್ನು ಅನುವಾದಿಸುವ ಹೊರೆಯನ್ನು ಹದಿನಾಲ್ಕರ ಮಗುವಿನ ಮೇಲೆ ಹೊರಿಸಬಾರದು. ತಾಯಿ ಅರ್ಧ ಹೇಳುತ್ತಾಳೆ, ಮಗಳು ಅದರಲ್ಲಿ ಅರ್ಧ ಹೇಳುತ್ತಾಳೆ, ವೈದ್ಯರು ಕಾಲು ಭಾಗ ಕೇಳಿ ಮದ್ದು ಬರೆಯುತ್ತಾರೆ.

ಇದಕ್ಕೆ ದಾರಿಗಳಿವೆ. ಗಂಡನನ್ನೋ ಅಕ್ಕತಂಗಿಯರನ್ನೋ ನೆರೆಮನೆಯ ನಂಬಿಕೆಯ ಹಿರಿಯರನ್ನೋ ಕರೆದೊಯ್ಯಬಹುದು. ಕನ್ನಡ ಅಥವಾ ತುಳು ಬಲ್ಲ ನರ್ಸಮ್ಮ ಇದ್ದಾರೆಯೇ ಎಂದು ಮೊದಲೇ ವಿಚಾರಿಸಬಹುದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ನಾಲ್ಕನೆಯ ಪ್ರಕರಣದಂತೆ, ಚಿಕಿತ್ಸೆಯ ತೀರ್ಮಾನಕ್ಕೆ ಬೇಕಾದ ಮಾಹಿತಿಯನ್ನು ವ್ಯಕ್ತಿಗೆ ಅರ್ಥವಾಗುವ ಸರಳ ಭಾಷೆಯಲ್ಲಿ ಕೊಡಬೇಕು. ಜಗಳಕ್ಕಲ್ಲದಿದ್ದರೂ ವಿನಯದಿಂದ ಕೇಳುವುದಕ್ಕೆ ಈ ಮಾತು ನೆನಪಿರಲಿ. ಕೇರಳದ ಕುಟುಂಬ ಆರೋಗ್ಯ ಕೇಂದ್ರಗಳಲ್ಲಿ ‘ಆಶ್ವಾಸಂ’ ಎಂಬ ಹೆಸರಿನಲ್ಲಿ ಖಿನ್ನತೆಯನ್ನು ಗುರುತಿಸಿ ಚಿಕಿತ್ಸೆ ಕೊಡುವ ಯೋಜನೆಯಿದೆ. ಸಕ್ಕರೆಯ ಮದ್ದಿಗೆ ಹೋಗುವ ಕೇಂದ್ರದಲ್ಲಿಯೇ ವಿಚಾರಿಸಿ ನೋಡಿ. ಕೇಂದ್ರ ಸರಕಾರವು 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸೇವೆಯ ಸಂಖ್ಯೆ 14416. ಅದು ಉಚಿತ, ಹಗಲೂ ರಾತ್ರಿಯೂ ಲಭ್ಯ, ಭಾಷೆಯನ್ನು ಆರಿಸಿಕೊಳ್ಳುವ ಅವಕಾಶವೂ ಇದೆ.

ನಮ್ಮಲ್ಲಿ ಅನೇಕರು ತಜ್ಞರನ್ನು ಕಾಣಲು ಮಂಗಳೂರಿಗೆ ಹೋಗುತ್ತಾರೆ, ಎಂದಿನ ಮದ್ದಿಗೆ ಊರಿನ ಕೇಂದ್ರಕ್ಕೆ ಬರುತ್ತಾರೆ. ಹೀಗಾಗಿ ಎರಡು ಚೀಟಿ, ಎರಡು ಊರು. ಅಲ್ಲಿಯವರು ಬರೆದುದು ಇಲ್ಲಿಯವರಿಗೆ ತಿಳಿಯದಿದ್ದರೆ ಮೇಲೆ ಹೇಳಿದ ಹೊಂದಾಣಿಕೆಯ ಅಪಾಯಗಳು ಅಲ್ಲಿಂದಲೇ ಆರಂಭವಾಗುತ್ತವೆ. ತೆಗೆದುಕೊಳ್ಳುವ ಎಲ್ಲ ಮದ್ದುಗಳ ಹೆಸರು, ಪ್ರಮಾಣ, ಹೊತ್ತು ಇವನ್ನು ಒಂದೇ ಹಾಳೆಯಲ್ಲಿ ಬರೆದು ಎರಡೂ ಕಡೆ ತೋರಿಸಿ. ಆಯುರ್ವೇದದ ಕಷಾಯವಿದ್ದರೆ ಅದನ್ನೂ ಸೇರಿಸಿ. 2020ರ ಮಾರ್ಚ್ ತಿಂಗಳಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ಮಂಗಳೂರಿನ ಚಿಕಿತ್ಸೆಯನ್ನು ನಂಬಿದ್ದವರು ಪಟ್ಟ ಪಾಡು ನಮಗೆಲ್ಲ ನೆನಪಿದೆ. ಇದ್ದಕ್ಕಿದ್ದಂತೆ ನಿಲ್ಲಿಸಬಾರದ ಗುಳಿಗೆಯಾದುದರಿಂದ ಎರಡು ವಾರಗಳಿಗಾಗುವಷ್ಟು ಸದಾ ಕೈಯಲ್ಲಿರಲಿ. ಆದರೆ ಸಾಯುವ ಯೋಚನೆ ಇರುವವರ ಮನೆಯಲ್ಲಿ ಗುಳಿಗೆಗಳನ್ನು ಇನ್ನೊಬ್ಬರು ಇಟ್ಟುಕೊಂಡು ದಿನದಿನಕ್ಕೆ ಬೇಕಾದಷ್ಟೇ ಕೊಡಬೇಕು.

ಪತ್ರ ಬರೆದ ಸೋದರಿಗೆ ನನ್ನ ಸಲಹೆ ಇದು. ಪತ್ರಿಕೆಯ ಅಂಕಣ ಓದಿ ಗುಳಿಗೆ ಆರಂಭಿಸಲೂ ಬೇಡಿ, ಎಸೆಯಲೂ ಬೇಡಿ. ಕಪಾಟಿನಲ್ಲಿಟ್ಟ ಗುಳಿಗೆ ಹೌದೆಂದೂ ಅಲ್ಲ, ಬೇಡವೆಂದೂ ಅಲ್ಲ. ಮೂರು ವಾರಗಳಿಂದ ನೀವು ಖಿನ್ನತೆಯ ಭಾರವನ್ನೂ ಹೊತ್ತಿದ್ದೀರಿ, ತೀರ್ಮಾನವಾಗದ ಭಾರವನ್ನೂ ಹೊತ್ತಿದ್ದೀರಿ. ಈ ವಾರವೇ ಅದೇ ವೈದ್ಯರ ಬಳಿಗೆ ಮತ್ತೊಮ್ಮೆ ಹೋಗಿ, ಮಗಳನ್ನು ಶಾಲೆಗೆ ಕಳುಹಿಸಿ, ಇನ್ನೊಬ್ಬ ಹಿರಿಯರೊಡನೆ ಹೋಗಿ. ನನಗೆ ಬರೆದ ಪತ್ರದ ಎರಡನೆಯ ಪುಟವನ್ನು, ‘ಹೊರೆ’ ಎಂಬ ಮಾತು ಐದು ಬಾರಿ ಬಂದಿರುವ ಆ ಪುಟವನ್ನು, ಅವರಿಗೆ ಓದಿ ಹೇಳಿ. ಆಮೇಲೆ ಐದು ಪ್ರಶ್ನೆ ಕೇಳಿ. ನನಗಿರುವುದು ಖಿನ್ನತೆಯೇ, ಎಷ್ಟು ತೀವ್ರ? ಥೈರಾಯ್ಡ್, ರಕ್ತ, ಬಿ-12 ನೋಡಿದ್ದೀರಾ? ನನ್ನ ನೋವಿನ ಗುಳಿಗೆಯೊಡನೆ ಇದು ಹೊಂದುವುದೇ? ಗುಳಿಗೆಯ ಬದಲು ಅಥವಾ ಜೊತೆಗೆ ಸಮಾಲೋಚನೆ ಎಲ್ಲಿ ಸಿಗುತ್ತದೆ? ಆರಂಭಿಸಿದರೆ ಮತ್ತೆ ಯಾವ ದಿನ ಬರಬೇಕು?

ಈ ಕೊನೆಯ ಪ್ರಶ್ನೆ ಎಲ್ಲಕ್ಕಿಂತ ಮುಖ್ಯ. ಗುಳಿಗೆಯನ್ನು ಜೀವಮಾನದ ಒಪ್ಪಂದವೆಂದು ಭಾವಿಸಿದರೆ ಯಾರಿಗೂ ಕೈ ನಡುಗುತ್ತದೆ. ಎಂಟು ವಾರಗಳ ಪರೀಕ್ಷೆಯೆಂದು ಭಾವಿಸಿ. ಗೋಡೆಯ ಪಂಚಾಂಗದಲ್ಲಿ ಆ ದಿನಕ್ಕೆ ಗುರುತು ಹಾಕಿ. ಪ್ರತಿ ಭಾನುವಾರ ಎರಡು ಸಾಲು ಬರೆದಿಡಿ: ಈ ವಾರ ಎಷ್ಟು ದಿನ ಹೊತ್ತಿಗೆ ಎದ್ದೆ, ಯಾರೊಡನೆ ಮಾತನಾಡಿದೆ, ಸಕ್ಕರೆ ಎಷ್ಟಿತ್ತು. ಎಂಟು ವಾರಗಳ ಬಳಿಕ ಆ ಸಾಲುಗಳನ್ನು ವೈದ್ಯರೊಡನೆ ಕುಳಿತು ಓದಿದರೆ ಮುಂದುವರಿಸಬೇಕೋ ಬದಲಿಸಬೇಕೋ ನಿಲ್ಲಿಸಬೇಕೋ ತಿಳಿಯುತ್ತದೆ. ಎಲ್ಲ ಕೇಳಿಯೂ, ಸೌಮ್ಯ ಖಿನ್ನತೆಯೆಂದು ತಿಳಿದು, ಸದ್ಯಕ್ಕೆ ಗುಳಿಗೆ ಬೇಡ, ಸಮಾಲೋಚನೆ ಸಾಕು ಎಂದು ನೀವು ತೀರ್ಮಾನಿಸಿದರೆ ಅದೂ ಸರಿಯಾದ ತೀರ್ಮಾನವೇ. ಆಗಲೂ ಪಂಚಾಂಗದಲ್ಲಿ ಗುರುತು ಬೇಕು. ಸಾಯಬೇಕೆಂಬ ಯೋಚನೆ ಬಂದರೆ ಮಾತ್ರ ಯಾವ ದಿನಕ್ಕೂ ಕಾಯಬಾರದು. ಆ ಹೊತ್ತಿಗೇ ಮನೆಯವರಿಗೆ ಹೇಳಿ, 14416ಕ್ಕೆ ಕರೆ ಮಾಡಿ ಅಥವಾ ಹತ್ತಿರದ ಆಸ್ಪತ್ರೆಗೆ ಹೋಗಿ. ನಡುರಾತ್ರಿಯಾದರೂ ಸರಿ.

ಕೊನೆಯದಾಗಿ ನಮ್ಮ ಶಾಲೆಗಳ ಅಧ್ಯಾಪಕ ಬಂಧುಗಳಲ್ಲಿ ಒಂದು ವಿನಂತಿ. ಆಗಾಗ ರಜೆ ಹಾಕುವ ಮಕ್ಕಳಲ್ಲಿ ಕೆಲವರು ಆಸ್ಪತ್ರೆಯ ಸಾಲಿನಲ್ಲಿ ತಾಯಿಯ ಪಕ್ಕದಲ್ಲಿ ನಿಂತಿರುತ್ತಾರೆ. ಅವರನ್ನು ಗದರಿಸುವ ಮೊದಲು ಒಮ್ಮೆ ವಿಚಾರಿಸಿ. ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಆಸ್ಪತ್ರೆಗೆ ಜೊತೆಯಾಗಿ ಹೋಗಬಲ್ಲ, ಎರಡೂ ಭಾಷೆ ಬಲ್ಲ ನಾಲ್ಕೈದು ಹಿರಿಯರ ಹೆಸರು ಬರೆದುಕೊಳ್ಳುವುದು ಕಷ್ಟದ ಕೆಲಸವೇನಲ್ಲ. ಅಷ್ಟು ಆದರೆ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ತನ್ನ ಪರೀಕ್ಷೆಗೆ ತಾನು ಓದಿಕೊಳ್ಳಬಹುದು, ಅವಳ ತಾಯಿ ತನ್ನ ಮಾತನ್ನು ಪೂರ್ತಿಯಾಗಿ ಹೇಳಬಹುದು.